ಹತ್ತು ಮಿನಿಟಿನ ಟ್ರ್ಯಾಕ್ಟರು

ಎಮ್ಮೆ ತರಲು ಹೋದವರು ಟ್ರ್ಯಾಕ್ಟರು ತಂದರು. ಸಂಗೊಳ್ಳಿಯ ಜನಕ್ಕೆ ಈ ಮಾತು ಇವತ್ತಿಗೂ ನಗೆಯ ಸರಕು. ಆದರೆ ಮಹಾನಂದಾಳನ್ನು ಕೇಳಿದರೆ ಅವಳು ಎಮ್ಮೆಯ ಮೇಲೆ ಒಂದು ತಪ್ಪೂ ಹೊರಿಸುವುದಿಲ್ಲ. ಮುನವಳ್ಳಿಯಲ್ಲಿ ಆ ದಿನ ನೋಡಿದ ಎಮ್ಮೆ ಒಳ್ಳೆಯದೇ ಇತ್ತು. ಕೆಚ್ಚಲು ಚೆನ್ನಾಗಿತ್ತು, ಒದೆಯುವ ಚಾಳಿ ಇರಲಿಲ್ಲ, ದರವೂ ಗಂಡ ಲಕ್ಷ್ಮಣನಿಗೆ ಒಪ್ಪಿಗೆಯಾಗಿತ್ತು. ಕೆಟ್ಟದ್ದೆಲ್ಲ ಆದದ್ದು ಎಮ್ಮೆ ಕಟ್ಟಿದ್ದ ಬೇವಿನ ಮರದ ಆಚೆ ಬದಿಗೆ ಅವಳು ಹೋಗಿ ನೋಡಿದ್ದರಿಂದ.

ಅಲ್ಲೊಂದು ಪುಟ್ಟ ಹಳೆಯ ಟ್ರ್ಯಾಕ್ಟರು ನಿಂತಿತ್ತು. ದೊಡ್ಡ ಟ್ರ್ಯಾಕ್ಟರಿನ ಅರ್ಧವೂ ಇಲ್ಲ. ತೋಟದ ಸಾಲುಗಳ ನಡುವೆ ಓಡಾಡಲೆಂದೇ ಜಪಾನಿನವರು ಮಾಡಿದ್ದು. ಬಣ್ಣ ಹೋಗಿತ್ತು, ಗಾಲಿಗಳು ನೆಲಕ್ಕೆ ಕೂತಿದ್ದವು. ಇಂಜಿನ್ನಿನಿಂದ ಪಕ್ಕದ ನೀರಿನ ಪಂಪಿಗೆ ಬೆಲ್ಟು ಹಾಕಿದ್ದರು. ಬೇವಿನ ಟೊಂಗೆಗೆ ಒಂದು ಡೀಸೆಲ್ ಕ್ಯಾನು ತೂಗುಹಾಕಿ ಅಲ್ಲಿಂದ ಪೈಪು ಇಳಿಸಿದ್ದರು. ಮಹಾನಂದಾ ಸೆರಗಿನಿಂದ ಇಂಜಿನ್ನಿನ ಪಕ್ಕೆ ಒರೆಸಿದಳು. ಉಳಿಯಿಂದ ಹೊಡೆದ ಮೂರು ಚುಕ್ಕಿ ಕಂಡವು.

ಆ ಮೂರು ಚುಕ್ಕಿ ಅವಳಪ್ಪನ ಗುರುತು. ಸಂಪಗಾಂವದ ಮಹಾಂತಪ್ಪ ಮಿಸ್ತ್ರಿ ತಾನು ಬಿಚ್ಚಿದ ಇಂಜಿನ್ನಿಗೆಲ್ಲ ಹಾಗೆ ಗುರುತು ಹಾಕುತ್ತಿದ್ದ. ಸುತ್ತಿನ ನಲವತ್ತು ಹಳ್ಳಿಯ ನೀರೆತ್ತುವ ಇಂಜಿನ್ನುಗಳು ಅವನ ಕೈಯಲ್ಲಿ ಪಳಗಿದ್ದವು. ನಟ್ಟು ಬಿಚ್ಚುವ ಪಾನಾ ಎತ್ತಿಕೊಡಲು ಸೈಕಲ್ಲಿನ ಹಿಂದೆ ಮಗಳನ್ನು ಕೂರಿಸಿಕೊಂಡು ಹೋಗುತ್ತಿದ್ದ. ಹತ್ತು ವರ್ಷದವಳಾಗುವ ಹೊತ್ತಿಗೆ ಅವಳಿಗೆ ಇಂಜಿನ್ನಿನ ಸದ್ದು ಕೇಳಿಯೇ ಯಾವ ನಟ್ಟು ಸಡಿಲಾಗಿದೆ ಎಂದು ಗೊತ್ತಾಗುತ್ತಿತ್ತು. ಮದುವೆಯಾಗಿ ಸಂಗೊಳ್ಳಿಗೆ ಬಂದ ಮೇಲೆ ಇಪ್ಪತ್ತು ವರ್ಷ ಆ ಕಿವಿಗೆ ಮಿಕ್ಸರಿನ ಸದ್ದೇ ಗತಿಯಾಗಿತ್ತು.

"ಏನ್ರಿ, ಇಲ್ಲಿ ಬರ್ರಿ ಒಂಚೂರು" ಎಂದು ಗಂಡನನ್ನು ಕರೆದಳು.

ಲಕ್ಷ್ಮಣ ಬಂದು ನೋಡಿ ಬಿಳಿಚಿಕೊಂಡ. "ಇದು ನಮ್ಮ ಅಪ್ಪ ಮಾರಿದ್ದ ಟ್ರ್ಯಾಕ್ಟರ್. ನಡಿ, ಎಮ್ಮಿ ಹೊಡಕೊಂಡ ಹೋಗೂಣು."

"ಚಾಲೂ ಐತೇನ್ರಿ ಅಣ್ಣಾರ ಇದು?" ಅವಳು ಎಮ್ಮೆಯ ಮಾಲೀಕ ಬಾಳುವನ್ನು ಕೇಳಿದಳು.

"ಚಾಲೂ ಅಂದ್ರ? ಮೊನ್ನೆ ಕರೆಂಟಿನ ಮೋಟರ್ ಕೂಡಸೋ ತನಕ ಇದ ನಮ್ಮ ಹೊಲಕ್ಕ ನೀರ ಹಾಯಿಸೇತಿ" ಎಂದು ಬಾಳು ಹ್ಯಾಂಡಲ್ ಹೊಡೆದ. ಒಂದೇ ಸುತ್ತಿಗೆ ಇಂಜಿನ್ನು ಎದ್ದಿತು.

"ಎಷ್ಟೊತ್ತ ಓಡತೈತ್ರಿ?"

"ಹಳ್ಳದಾಗಿನ ನೀರ ಮುಗಿಯೋ ತನಕ ಓಡತೈತವ್ವಾ."

ಅವಳು ನಂಬಲಿಲ್ಲ. ಎಮ್ಮೆಗೆ ಬೆನ್ನು ಹಾಕಿ ಅಲ್ಲೇ ಕಲ್ಲಿನ ಮೇಲೆ ಕೂತು ಮೊಬೈಲಿನಲ್ಲಿ ಹೊತ್ತು ನೋಡತೊಡಗಿದಳು. ಹತ್ತು ನಿಮಿಷ ದಾಟಿತು. ಇಪ್ಪತ್ತಾಯಿತು. ಅರ್ಧ ತಾಸಾದರೂ ಇಂಜಿನ್ನು ಒಮ್ಮೆ ಕೂಡ ಕೆಮ್ಮಲಿಲ್ಲ. ಮಹಾನಂದಾ ಎದ್ದು ನಿಂತಾಗ ಅವಳ ಮುಖ ನೋಡಿದ ಲಕ್ಷ್ಮಣನಿಗೆ ತಿಳಿಯಿತು, ಎಮ್ಮೆ ಈ ಮನೆಗೆ ಬರುವುದಿಲ್ಲ.

ಸಂಗೊಳ್ಳಿಯಲ್ಲಿ ಅತ್ತೆ ಮುದಕವ್ವ ಆರತಿ ತಟ್ಟೆ ಹಿಡಿದು, ಮಾವ ಶಟ್ಟೆಪ್ಪ ಹೊಸ ಹಗ್ಗ ಹಿಡಿದು ಕಟ್ಟೆಯ ಮೇಲೆ ಕಾಯುತ್ತಿದ್ದರು. ಟೆಂಪೋದಿಂದ ಹಲಗೆ ಹಚ್ಚಿ ಟ್ರ್ಯಾಕ್ಟರು ಇಳಿಸಿದಾಗ ಮುದುಕನ ಕೈಯ ಹಗ್ಗ ಕೆಳಗೆ ಬಿತ್ತು.

"ಎಮ್ಮಿ ಎಲ್ಲಿ?"

"ಎಮ್ಮಿ ಮುಂದಿನ ವರ್ಷ ತರೂಣ್ರಿ ಮಾವಾರ" ಎಂದಳು ಮಹಾನಂದಾ.

ಶಟ್ಟೆಪ್ಪ ಕೆಳಗಿಳಿದು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದ. ಮಡ್ಗಾರ್ಡಿನ ಮೇಲೆ ಕೈಯಿಡಲು ಹೋಗಿ ಹಿಂದೆಗೆದ. "ಮೂವತ್ತ ವರ್ಷದ ಹಿಂದ ಹೊರಗ ಹಾಕಿದ ದರಿದ್ರಾನ ಬಾಡಿಗಿ ಕೊಟ್ಟು ಮೆರವಣಿಗಿ ಮಾಡಕೊಂತ ತಂದೀರಲ್ಲ."

"ಆರತಿ ಹೊತ್ತಿಸಿ ಬಿಟ್ಟೇನಿ" ಎಂದಳು ಮುದಕವ್ವ. "ಯಾವದಕ್ಕಾರ ಬೆಳಗಬೇಕಲ್ಲ." ಎಮ್ಮೆಗೆಂದು ತಂದ ಅರಿಷಿಣ ಕುಂಕುಮವನ್ನು ಟ್ರ್ಯಾಕ್ಟರಿನ ಮೂತಿಗೆ ಹಚ್ಚಿ ಆರತಿ ಬೆಳಗಿಯೇ ಬಿಟ್ಟಳು. ಮೊಮ್ಮಗಳು ರಾಣಿ ನಗು ತಡೆಯಲಾರದೆ ಒಳಗೆ ಓಡಿದಳು.

ಶಟ್ಟೆಪ್ಪನ ಸಿಟ್ಟಿಗೆ ಕಾರಣವಿತ್ತು. ಹರೆಯದಲ್ಲಿ ಅವನು, ಸೆಕೆಂಡ್ ಹ್ಯಾಂಡ್ ಆದರೂ, ಊರಿಗೇ ಮೊದಲು ಇಂಥ ಮಷೀನು ತಂದವನು. ಎರಡು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಹೊಲಕ್ಕಿಳಿದು ಹತ್ತು ನಿಮಿಷಕ್ಕೆ ಸರಿಯಾಗಿ ನಿಲ್ಲತೊಡಗಿತು. ಅರ್ಧ ತಾಸು ಬಿಟ್ಟರೆ ಮತ್ತೆ ಏಳುವುದು, ಹತ್ತು ನಿಮಿಷಕ್ಕೆ ಮತ್ತೆ ನಿಲ್ಲುವುದು. ಮೂವರು ಮಿಸ್ತ್ರಿಗಳು ಸೋತರು. ಊರ ಮಂದಿ ಅವನಿಗೆ ಹತ್ತು ಮಿನಿಟಿನ ಶಟ್ಟೆಪ್ಪ ಎಂದು ಹೆಸರಿಟ್ಟರು. ಹೆಸರು ಇಡುವುದರಲ್ಲಿ ನಮ್ಮ ಊರುಗಳಿಗೆ ಸರಿಸಾಟಿ ಇಲ್ಲ, ಒಮ್ಮೆ ಇಟ್ಟರೆ ಸತ್ತ ಮೇಲೂ ಬಿಡುವುದಿಲ್ಲ. ಒಂದು ದಿನ ಸಂತೆಯಲ್ಲಿ ಯಾರೋ ಅದೇ ಹೆಸರಿನಿಂದ ಕೂಗಿದರೆಂದು ಸಿಕ್ಕ ಬೆಲೆಗೆ ಅದನ್ನು ಮಾರಿ ಎತ್ತು ತಂದಿದ್ದ.

ಸೋತ ಆ ಮೂವರಲ್ಲಿ ಕೊನೆಯವನು ಮಹಾಂತಪ್ಪ. ಆ ದಿನ ಹತ್ತು ವರ್ಷದ ಮಹಾನಂದಾಳೂ ಅಪ್ಪನ ಜೊತೆ ಇದೇ ಅಂಗಳಕ್ಕೆ ಬಂದಿದ್ದಳು. ಇಂಜಿನ್ನು ಬಿಚ್ಚಿ ಜೋಡಿಸಿ ಸಂಜೆಯಾಯಿತು, ಮಷೀನು ಮಾತ್ರ ಹಟ ಬಿಡಲಿಲ್ಲ. ಒಳಗೆ ಹೋಳಿಗೆಯ ವಾಸನೆ ಬರುತ್ತಿತ್ತು. ಈ ಕಡೆಯ ರೂಢಿ ಹಾಗೆ: ಹೊಲದ ಮಷೀನು ರಿಪೇರಿಗೆ ಮಿಸ್ತ್ರಿ ಬಂದರೆ ಆ ದಿನದ ಮೊದಲ ತಾಟು ಅವನದು, ಅವನು ತುತ್ತು ಮುರಿಯದೆ ಮನೆಯ ಯಜಮಾನ ಉಣ್ಣುವುದಿಲ್ಲ. ಮುದಕವ್ವ ತಾಟು ತಂದಿಟ್ಟಿದ್ದಳು. ಮಹಾಂತಪ್ಪ ಕೈ ಮುಗಿದು, "ಮಷೀನ್ ಏಳದ ಮನ್ಯಾಗ ನಾ ಉಣ್ಣಂಗಿಲ್ರಿ ತಾಯಿ" ಎಂದು ಹಸಿದ ಮಗಳ ಕೈ ಹಿಡಿದು ಎದ್ದುಬಿಟ್ಟ. ದಾರಿಯುದ್ದಕ್ಕೂ ಅವಳು ಹೋಳಿಗೆಗಾಗಿ ಅತ್ತಿದ್ದಳು. ಹತ್ತು ವರ್ಷದ ಮೇಲೆ ಅದೇ ಮನೆಗೆ ಅವಳನ್ನು ಕೊಟ್ಟಾಗ ಅಪ್ಪ ನಕ್ಕು, "ಆ ಮನ್ಯಾಗ ನಂದೊಂದ ಊಟ ಬಾಕಿ ಐತಿ" ಎಂದಿದ್ದ. ಬೀಗನಾಗಿ ಇಲ್ಲಿ ಎಷ್ಟೋ ಸಲ ಉಂಡ. ಮಿಸ್ತ್ರಿಯಾಗಿ ಒಮ್ಮೆಯೂ ಉಣ್ಣದೆ ತೀರಿಕೊಂಡ.

ಆ ರಾತ್ರಿಯ ಊಟಕ್ಕೆ ಕೂತಾಗ ಶಟ್ಟೆಪ್ಪ ರೊಟ್ಟಿ ಮುರಿಯದೆಯೇ ಮಾತು ತೆಗೆದ. "ಯಾಕ ತಂದಿ ಇದನ್ನ?"

"ಬದನಿಕಾಯಿ, ಮೆಣಸಿನಕಾಯಿ ತ್ವಾಟಕ್ಕ ಎಡಿ ಹೊಡಿಯಾಕ್ರಿ. ನೀವು ಎತ್ತು ತಗೊಂಡು ದೊಡ್ಡ ಹೊಲಕ್ಕ ಹೋದ್ರ ನನ್ನ ತ್ವಾಟಕ್ಕ ಯಾರ ದಿಕ್ಕು? ಹ್ವಾದ ವರ್ಷ ಕಸದಾಗ ಅರ್ಧಾ ಬೆಳಿ ಹೋತು. ಆಳು ಸಿಗಲಿಲ್ಲ."

"ನಿಮ್ಮಪ್ಪನ ಕೈಲೇ ಆಗಲಿಲ್ಲ. ನಿನ್ನ ಕೈಲೆ ಆಗತೈತೇನು?"

ಮಹಾನಂದಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನೋಡೂಣ್ರಿ" ಎಂದಳು.

"ಆತು, ನೋಡು. ಮಣ್ಣೆತ್ತಿನ ಅಮಾಸಿ ತನಕ ಟೈಮ್ ಕೊಡತೇನಿ. ಅಷ್ಟರಾಗ ಇದು ನಿನ್ನ ತ್ವಾಟದಾಗ ನಡುವ ನಿಲ್ಲದ ಎಡಿ ಹೊಡಿಬೇಕು. ಇಲ್ಲಾ ಅಂದ್ರ ಮರುದಿನ ಗುಜರಿ ಗಾಡಿ ಕರಸತೇನಿ. ಆಮ್ಯಾಲ ಈ ಮನ್ಯಾಗ ನಿನ್ನ ಕೈಯಾಗ ಪಾನಾ ಕಾಣಬಾರದು."

"ಹೂಂ ಅನ್ನವ್ವಾ" ಎಂದು ರಾಣಿ ಮೆಲ್ಲಗೆ ಅಂದಳು. ಮಹಾನಂದಾ ಹೂಂ ಅಂದಳು.

ಅಮಾವಾಸ್ಯೆಗೆ ಏಳು ವಾರವಿತ್ತು. ಹೇಳಲು ಏಳು ವಾರ, ಕೈಗೆ ಸಿಕ್ಕದ್ದು ಏಳು ಸೋಮವಾರ. ಸೋಮವಾರ ಬಸವಣ್ಣನ ವಾರ, ಅಂದು ಈ ಮನೆಯವರು ಹೊಲ ಹೂಡುವುದಿಲ್ಲ, ಎತ್ತಿನ ಹೆಗಲ ಮೇಲೆ ನೊಗ ಏರುವುದಿಲ್ಲ. ಹೊಲಕ್ಕೆ ಬುತ್ತಿ ಹೊರುವ ಕೆಲಸವಿಲ್ಲದ ಆ ಒಂದು ದಿನ ಮಹಾನಂದಾ ಬೆಳಗಿನ ರೊಟ್ಟಿ ಬಡಿದವಳೇ ಸೀರೆ ಎತ್ತಿ ಕಟ್ಟಿ, ಗಂಡನ ಹಳೆಯ ಅಂಗಿ ತೊಟ್ಟು, ಅಪ್ಪನ ಪಾನಾಗಳ ಚೀಲ ಬಿಚ್ಚುತ್ತಿದ್ದಳು. ಇಪ್ಪತ್ತು ವರ್ಷ ಟ್ರಂಕಿನ ತಳದಲ್ಲಿದ್ದ ಚೀಲ. ಪಾನಾ ಕೈಗೆ ಸಿಕ್ಕ ಕೂಡಲೇ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕೆಲಸಕ್ಕೆ ಹತ್ತಿದವು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಹಾಡು ಬಾರದ ಹೆಂಗಸು ಗುಣುಗುಣು ಅನ್ನತೊಡಗಿದಳು.

ಮನೆಯಲ್ಲಿ ಮಾತ್ರ ಹಾಲಿನ ಜಗಳ ಸುರುವಾಯಿತು. ರಾಣಿ ಬೈಲಹೊಂಗಲದ ಕಾಲೇಜಿನಿಂದ ಬರುವಾಗ ಪಾಕೀಟು ಹಾಲು ತರುತ್ತಿದ್ದಳು. "ಪಾಕೀಟ ಹಾಲು ನಾ ಮುಟ್ಟಂಗಿಲ್ಲ. ಟ್ರ್ಯಾಕ್ಟರ್ ಹಿಂಡಿ ಕೊಡ್ರಿ, ಕುಡಿತೇನಿ" ಎಂದು ಶಟ್ಟೆಪ್ಪ ಕರಿ ಚಹಾ ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದ. ಇಡೀ ಓಣಿಗೆ ಕೇಳುವ ಹಾಗೆ ಸೊರ್ ಸೊರ್ ಎಂದು ಹೀರುತ್ತಿದ್ದ. ಅದೊಂದು ಥರದ ಸತ್ಯಾಗ್ರಹ.

ಲಕ್ಷ್ಮಣ ಅಪ್ಪನ ಎದುರು ಹೆಂಡತಿಯ ಪರ ಮಾತಾಡುವ ಗಂಡಸಲ್ಲ. ಆದರೆ ಒಂದು ದಿನ ಬೈಲಹೊಂಗಲದಿಂದ ಮೋಟರ್ ಸೈಕಲ್ಲಿನ ಮೇಲೆ ಎರಡು ಟಾಯರು ಕಟ್ಟಿಕೊಂಡು ಬಂದ.

"ಏನಲೇ ಅದು?" ಎಂದ ಶಟ್ಟೆಪ್ಪ.

"ಚಕ್ಕಡಿಗೆ ತಂದೇನ್ಯಪ್ಪಾ."

"ನಮ್ಮ ಚಕ್ಕಡಿಗೆ ಕಟಗಿ ಗಾಲಿ ಅದಾವು."

"ಮುಂದ ಬೇಕಾದೀತಂತ" ಎಂದು ಲಕ್ಷ್ಮಣ ತಲೆ ತಗ್ಗಿಸಿ ಹಿತ್ತಲಿಗೆ ನಡೆದ.

ಟಾಯರು ಕೂತವು. ಕಬ್ಬಿಣದ ಕೆಲಸ ಮುಗಿಯಿತು. ಉಳಿದದ್ದು ಎಡೆಕುಂಟೆ. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿ ಬೆಳೆಯ ಸಾಲುಗಳ ನಡುವೆ ಕಸ ಹೊಡೆಯುವ ಮೂರು ಕುಡದ, ಅಂದರೆ ಮೂರು ಅಲಗಿನ, ಕುಂಟೆ ಅದು. ಬಾಳುವಿನ ಬಳಿ ಬರೇ ನೇಗಿಲಿತ್ತು. ಮಷೀನು ಕೊಂಡಾಗಲೇ ಕುಂಟೆ ಇರಲಿಲ್ಲವಂತೆ. ಹೊಸ ಕುಂಟೆಗಳೆಲ್ಲ ದೊಡ್ಡ ಟ್ರ್ಯಾಕ್ಟರಿನ ಅಳತೆಯವು. ಗಂಡ ಹೆಂಡತಿ ಕಿತ್ತೂರಿನ ಗುಜರಿ ಅಂಗಡಿ ಜಾಲಾಡಿದರು, ಸವದತ್ತಿಯಲ್ಲಿ ಕಮ್ಮಾರರನ್ನು ಕೇಳಿದರು, ರಾಮದುರ್ಗದ ತನಕ ಹೋಗಿ ತುಕ್ಕಿನ ರಾಶಿಯಲ್ಲಿ ಅರ್ಧ ದಿನ ಕೈಯಾಡಿಸಿದರು. ಸೀರೆ ಹರಿಯಿತೇ ಹೊರತು ಕುಂಟೆ ಸಿಗಲಿಲ್ಲ. ಪ್ರತಿ ಸಲ ಮನೆಗೆ ಬಂದಾಗ ಶಟ್ಟೆಪ್ಪ ಕಟ್ಟೆಯಿಂದ, "ಸಿಕ್ತೇನು?" ಎಂದು ಕೇಳುತ್ತಿದ್ದ. ಇಲ್ಲ ಅಂದರೆ ಎದ್ದು ಎತ್ತಿಗೆ ಮೇವು ಹಾಕಲು ಹೋಗುತ್ತಿದ್ದ.

ಕಾರಹುಣ್ಣಿಮೆಗೆ ಇನ್ನೂ ಒಂದು ವಾರ ಇದ್ದಾಗ, ಒಂದು ಮಂಗಳವಾರ, ಮೊದಲ ಸಲ ಮಷೀನು ಹೊಲಕ್ಕೆ ಇಳಿಯಿತು. ಹೊಲದಲ್ಲಿ ಕ್ಯಾನು ತೂಗುಹಾಕಲು ಬೇವಿನ ಮರ ಬೆನ್ನು ಹತ್ತಿ ಬರುವುದಿಲ್ಲವಲ್ಲ, ಬಾಳು ಎಂದೂ ಬಳಸದ ಅದರದೇ ಟ್ಯಾಂಕನ್ನು ತೊಳೆದು ಡೀಸೆಲ್ ತುಂಬಿದ್ದಳು. ಬರೇ ನೇಗಿಲು ಕಟ್ಟಿ ಬೀಳು ಹೊಲದಲ್ಲಿ ಹೊಡೆದಳು. ಸೀಟಿನ ಮೇಲೆ ಕೂತಾಗ ಮೈಯೆಲ್ಲ ಜುಮ್ಮೆಂದಿತು. ಮಣ್ಣು ಹೊರಳಿ ಬೀಳುತ್ತಿತ್ತು, ಬೆಳ್ಳಕ್ಕಿ ಹಿಂದೆ ಬರುತ್ತಿದ್ದವು, ರಾಣಿ ಬದುವಿನ ಮೇಲೆ ಓಡುತ್ತ ವಿಡಿಯೋ ಮಾಡುತ್ತಿದ್ದಳು. ಐದನೆಯ ಸಾಲಿನ ನಡುವೆ ಇಂಜಿನ್ನು ಎರಡು ಸಲ ಗುಟುಕರಿಸಿ ನಿಂತುಬಿಟ್ಟಿತು.

ಬದುವಿನ ಮೇಲಿಂದ ಶಟ್ಟೆಪ್ಪ ಕೈಗಡಿಯಾರ ನೋಡಿದ. "ಹತ್ತ ಮಿನಿಟ" ಎಂದ. ಅವನ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ, ಅದೇ ಮಹಾನಂದಾಳಿಗೆ ಹೆಚ್ಚು ನೋವು ಕೊಟ್ಟಿತು.

"ಅದಕ್ಕ ನಮ್ಮ ಮಣ್ಣ ಆಗಿ ಬರಂಗಿಲ್ಲ. ಮುನವಳ್ಯಾಗ ಓಡತೈತಿ, ಸಂಗೊಳ್ಳ್ಯಾಗ ಓಡಂಗಿಲ್ಲ" ಎಂದು ಹೇಳಿ ಮನೆಯ ಕಡೆ ತಿರುಗಿದ.

ಮಹಾನಂದಾ ಅಲ್ಲೇ ಕೂತು ಯೋಚಿಸಿದಳು. ಮಣ್ಣಿನ ಮಾತು ಸುಳ್ಳು. ಅಲ್ಲಿ ಕ್ಯಾನು, ಇಲ್ಲಿ ಟ್ಯಾಂಕು, ಫರಕು ಅಷ್ಟೇ. ಆದರೆ ಟ್ಯಾಂಕಿನ ಡೀಸೆಲ್ ಬಸಿದು ನೋಡಿದರೆ ಶುದ್ಧವಿತ್ತು, ಪೈಪು ಊದಿದರೆ ಗಾಳಿ ಸರಾಗ ಹೋಗುತ್ತಿತ್ತು, ಟ್ಯಾಂಕಿನ ಬಾಯಿಯೊಳಗೆ ಬ್ಯಾಟರಿ ಬೆಳಕು ಬಿಟ್ಟರೆ ಕತ್ತಲೆಯ ಹೊರತು ಏನೂ ಕಾಣುತ್ತಿರಲಿಲ್ಲ. ಟ್ಯಾಂಕಿನ ನೆತ್ತಿಯ ಮೇಲೆ ಆರು ಸ್ಕ್ರೂಗಳ ಒಂದು ಮುಚ್ಚಳವಿತ್ತು. ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮುರಿದರೆ ಟ್ಯಾಂಕೇ ಹಾಳು, ಇನ್ನೊಂದು ಈ ಸೀಮೆಯಲ್ಲಿ ಸಿಗದು. ಅಪ್ಪನೂ ಇಲ್ಲೇ ಹೆದರಿ ಕೈಬಿಟ್ಟಿರಬೇಕು.

ಹುಣ್ಣಿಮೆಯ ದಿನ ಎತ್ತುಗಳಿಗೆ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿದರು. ಮುಂಗಾರಿನ ದುಡಿಮೆಗೆ ಗಟ್ಟಿಯಾಗಲೆಂದು ಕುಸುಬೆ ಎಣ್ಣೆಗೆ ಅರಿಷಿಣ ಕಲಸಿ, ಗೊಟ್ಟ ಎಂಬ ಬಿದಿರಿನ ಕೊಳವೆಯಿಂದ ಅವುಗಳ ಗಂಟಲಿಗೆ ಹೊಯ್ಯುವುದು ಮುದಕವ್ವನ ಕೆಲಸ. ಮಹಾನಂದಾ ಹೋಳಿಗೆಯ ಹೂರಣ ರುಬ್ಬಿ ಹೊರಗೆ ಬಂದಾಗ ಅತ್ತೆ ಟ್ರ್ಯಾಕ್ಟರಿನ ಪಕ್ಕ ನಿಂತಿದ್ದಳು. ಟ್ಯಾಂಕಿಗೆ ಡೀಸೆಲ್ ಹಾಕುವ ಬಾಯಿ ತೆರೆದಿತ್ತು. ಗೊಟ್ಟ ಖಾಲಿಯಾಗಿತ್ತು.

"ಅತ್ತಿ, ಏನ ಮಾಡಿದ್ರಿ?"

"ಗೊಟ್ಟಾ ಹಾಕಿದೆ" ಎಂದಳು ಮುದಕವ್ವ ಸಮಾಧಾನದಿಂದ. "ಎಷ್ಟ ಕೆಮ್ಮತೈತಿ ಪಾಪ. ಇಬ್ಬರಿಗೆ ಹಾಕಿ ಮೂರನೇದವಂಗ ಬಿಟ್ರ ಅವಂಗ ಹೆಂಗ ಅನಸಬೇಕು?"

"ಅದು ಕಬ್ಬಣರಿ."

"ಕಬ್ಬಣಕ್ಕೂ ಹೊಟ್ಟಿ ಅನ್ನೋದ ಇರತೈತವ್ವಾ."

ಮಹಾನಂದಾ ಅಂದು ಮೊದಲ ಬಾರಿಗೆ ಅತ್ತೆಗೆ ದನಿಯೇರಿಸಿದಳು. "ಐದ ವಾರ ನಾ ಇದರ ಮುಂದ ಮಣಕಾಲೂರಿ ಕುಂತೇನಿ. ಒಂದ ಗಳಿಗ್ಯಾಗ ಮಣ್ಣ ಮಾಡಿದ್ರಿ. ನಿಮಗ ಯಾರ ಹೇಳಿದ್ರು ಮುಟ್ಟಾಕ?" ಮುದಕವ್ವನ ಮುಖ ಸಣ್ಣದಾಯಿತು. ಒಳಗೆ ಹೋಗಿ ಒಲೆಯ ಮುಂದೆ ಕೂತವಳು ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡಳು. ಆ ದಿನದ ಹೋಳಿಗೆಯನ್ನು ಅತ್ತೆಯೂ ಉಣ್ಣಲಿಲ್ಲ, ಸೊಸೆಯೂ ಉಣ್ಣಲಿಲ್ಲ. ಗಂಡಸರಿಬ್ಬರು ತಲೆಯೆತ್ತದೆ ಉಂಡೆದ್ದರು.

"ಗುಜರಿಯವಂಗ ಫೋನ್ ಹಚ್ಚಲೇನು?" ಎಂದ ಶಟ್ಟೆಪ್ಪ ಕೈತೊಳೆಯುತ್ತ.

"ಅಮಾಸಿ ಇನ್ನಾ ಬಂದಿಲ್ರಿ" ಎಂದಳು ಮಹಾನಂದಾ.

ಟ್ಯಾಂಕಿನ ತಳದಲ್ಲಿ ಅರಿಷಿಣದ ರಾಡಿ ಕೂತಿತ್ತು. ಡೀಸೆಲ್ ಹಾಕಿ ಕುಲುಕಿದರೂ ಹೋಗಲಿಲ್ಲ. ಈಗ ಆ ಆರು ಸ್ಕ್ರೂ ಬಿಚ್ಚದೆ ಬೇರೆ ದಾರಿಯಿರಲಿಲ್ಲ. ಹೆದರಿಕೆಗೂ ಒಂದು ಕೊನೆ ಇರುತ್ತದೆ. ದಿನಕ್ಕೆ ಎರಡು ಸಲ ಸ್ಕ್ರೂಗಳಿಗೆ ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಂದೊಂದನ್ನೇ ಅಲುಗಿಸಿದಳು. ಒಂದು ಮುರಿಯಿತು, ಪುಣ್ಯಕ್ಕೆ ಟ್ಯಾಂಕಿಗೆ ಏನೂ ಆಗಲಿಲ್ಲ, ಉಳಿದ ಐದು ಬಿಚ್ಚಿದವು. ಕಡೆಯದು ಬಿಚ್ಚುವ ಹೊತ್ತಿಗೆ ಕೊನೆಯ ಸೋಮವಾರ ಬಂದಿತ್ತು. ಬುಧವಾರವೇ ಅಮಾವಾಸ್ಯೆ.

ಮನೆಮಂದಿಯೆಲ್ಲ ಅಂಗಳದಲ್ಲಿದ್ದರು. ಶಟ್ಟೆಪ್ಪ ಕರಿ ಚಹಾ ಹಿಡಿದು ಕಟ್ಟೆಯ ಮೇಲೆ, ಮುದಕವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಬಾಗಿಲಲ್ಲಿ, ಲಕ್ಷ್ಮಣ ಮತ್ತು ರಾಣಿ ಟ್ಯಾಂಕು ಹಿಡಿದುಕೊಂಡು. ಮಹಾನಂದಾ ಮುಚ್ಚಳ ಎಬ್ಬಿಸಿ ಮೊಣಕೈ ತನಕ ಒಳಗೆ ಕೈಬಿಟ್ಟಳು. ಹಳದಿ ರಾಡಿ ತೆಗೆಯುತ್ತ ಮೂಲೆಗೆ ಬೆರಳು ಹೋದಾಗ ಏನೋ ಮೆತ್ತಗೆ ಸಿಕ್ಕಿತು. ಹೊರಗೆ ಎಳೆದಳು. ಅಂಗೈ ಅಗಲದ ಹಳೆಯ ಪ್ಲಾಸ್ಟಿಕ್ ಪಾಕೀಟು, ತುದಿಯಲ್ಲಿ ದಾರದ ಒಂದು ಚೂರು.

"ಇದ" ಎಂದಳು. ಪಾಕೀಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಇದ ನೋಡ್ರಿ. ಇಂಜಿನ್ ಎಣ್ಣಿ ಎಳದಂಗ ಇದು ತೇಲಿ ಬಂದು ತೂತಿನ ಮ್ಯಾಲ ಕುಂದರತಿತ್ತು. ಹತ್ತ ಮಿನಿಟಿಗೆ ದಾರಿ ಬಂದ್. ಇಂಜಿನ್ ನಿಂತ ಮ್ಯಾಲ ಮತ್ತ ತೇಲಿ ಹೋಗತಿತ್ತು. ನಮ್ಮಪ್ಪಂಗ ಹೆಂಗ ಸಿಗಬೇಕ್ರಿ ಇದು?"

"ಯಾವ ಹಾಳಾದವ ಹಾಕಿದ್ದ ಇದನ್ನ?" ಎಂದು ಶಟ್ಟೆಪ್ಪ ಎದ್ದು ಬಂದ.

ಮೊರದ ಸದ್ದು ನಿಂತಿತು. "ನಾ ಹಾಕಿದ್ದೆ" ಎಂದಳು ಮುದಕವ್ವ.

ಅವಳೇ ಮುಂದುವರಿಸಿದಳು. "ಮಷೀನ್ ತಂದಾಗ ಪೂಜಾ ಮಾಡಸಾಕಂತ ಸವದತ್ತಿ ಗುಡ್ಡಕ್ಕ ಹೋಗಿದ್ವಲ್ರಿ. ಅಲ್ಲಿ ಎಲ್ಲಮ್ಮನ ಭಂಡಾರ, ಆಕಿ ಗುಡಿ ಅರಿಷಿಣ, ಪಾಕೀಟಿನ್ಯಾಗ ದಾರ ಹಾಕಿ ಕಟ್ಟಿಸಕೊಂಡಿದ್ದೆ. ತಾಯಿ ಭಂಡಾರ ಹೊಟ್ಟ್ಯಾಗ ಇದ್ರ ಎಲ್ಲೂ ನಿಲ್ಲಂಗಿಲ್ಲ ಅಂತ ಪಾಕೀಟ ಸೈತ ಒಳಗ ಬಿಟ್ಟೆ. ಹೆಂಗಸೂರು ಮಷೀನ್ ಮುಟ್ಟಬಾರದು ಅಂತ ನೀವು ಕಟ್ಟ ಮಾಡಿದ್ರಿ. ಅದಕ್ಕ ಹೇಳಲಿಲ್ಲ."

ದಾರದ ಚೂರು ನೋಡಿ ಮಹಾನಂದಾಳಿಗೆ ಉಳಿದದ್ದೂ ತಿಳಿಯಿತು: ಎರಡು ತಿಂಗಳಿಗೆ ದಾರ ಕೊಳೆತು ಭಂಡಾರ ಸೋರಿ, ಖಾಲಿ ಪಾಕೀಟು ಆಮೇಲೆ ತೇಲತೊಡಗಿತ್ತು.

"ಸುಮ್ಮನ ನಿಲ್ಲಾಕ ಹತ್ತಿದಾಗರ ಹೇಳಬೇಕಿಲ್ಲ? ಊರ ಮಂದಿ ನನಗ ಹೆಸರಿಟ್ರು. ಆವಾಗರ?"

"ಭಂಡಾರದಿಂದ ನಿಲ್ಲತೈತಿ ಅಂತ ನನಗೇನ ಗೊತ್ತ್ರಿ? ಭಂಡಾರ ಐತಿ ಅಂತನ ಹತ್ತ ಮಿನಿಟರ ಓಡತೈತಿ ಅಂತ ತಿಳಕೊಂಡಿದ್ದೆ."

ರಾಣಿ ಬಾಯಿಗೆ ಕೈ ಅಡ್ಡ ಹಿಡಿದಳು. ಲಕ್ಷ್ಮಣ ಟ್ಯಾಂಕು ಕೆಳಗಿಟ್ಟು ಅಪ್ಪನ ಕೈಯನ್ನೇ ನೋಡುತ್ತ ನಿಂತ. ಶಟ್ಟೆಪ್ಪ ಪಾಕೀಟನ್ನು ಧೋತರದ ತುದಿಯಿಂದ ಒರೆಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಹೆಂಡತಿಯ ಮೊರದಲ್ಲಿಟ್ಟ. ಆಮೇಲೆ ದನದ ಕೊಟ್ಟಿಗೆಗೆ ಹೋದ. ಒಳಗಿಂದ ಕಬ್ಬಿಣ ಬಡಿಯುವ ಸದ್ದು ಬಂತು. ಮುದಕವ್ವ ಕೈ ಮುಗಿದು ಕಣ್ಣು ಮುಚ್ಚಿಕೊಂಡಳು.

ಅವನು ಹೊರಗೆ ಬಂದಾಗ ಹೆಗಲ ಮೇಲೆ ಮೂರು ತೂತಿನ ಒಂದು ಕಬ್ಬಿಣದ ದಿಂಡು ಇತ್ತು. ಎತ್ತುಗಳು ಮೇವನ್ನು ಕಾಲಡಿ ಎಳೆದುಕೊಳ್ಳದ ಹಾಗೆ ಗೋದಲಿಗೆ ಅಡ್ಡ ಹಾಕಿದ್ದ ದಿಂಡು ಅದು. ಮಹಾನಂದಾ ಇಪ್ಪತ್ತು ವರ್ಷ ದಿನಾ ಎರಡು ಹೊತ್ತು ಅದರ ಮೇಲಿಂದಲೇ ಮೇವು ಹಾಕಿದ್ದಳು. ಅದರ ಹಿಂಬದಿಯ, ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿ ಈಗ ಕಂಡಿತು.

"ಕುಡ ಮೂರೂ ಅಟ್ಟದ ಮ್ಯಾಲ ಗೋಣಿಚೀಲದಾಗ ಅದಾವು" ಎಂದ ಶಟ್ಟೆಪ್ಪ. "ಮಷೀನ್ ಮಾರಿದೆ. ಇದನ್ನ ಮಾರಾಕ ಮನಸ ಬರ್ಲಿಲ್ಲ."

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. "ರಾಮದುರ್ಗ ತನಕ ಹೋಗಿ ಬಂದೇನ್ರಿ ಮಾವಾರ ನಾ" ಎಂದಳು ಮಹಾನಂದಾ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಗೊತ್ತೈತಿ. ದಿನಾ ಕೇಳತಿದ್ನಲ್ಲ. ಇದನ್ನ ಕೊಟ್ಟ ಮ್ಯಾಲ ಮಷೀನ್ ಮತ್ತ ನಿಂತಿತ್ತಂದ್ರ ಎರಡನೇ ಸಲ ತಡಕೊಳ್ಳಾಕ ಆಗತಿರಲಿಲ್ಲ ನನಗ."

ಸಂಜೆಯೊಳಗೆ ಟ್ಯಾಂಕು ತೊಳೆದು ಕೂಡಿಸಿದರು. ಸೋಮವಾರವಾದ್ದರಿಂದ ಹೊಲಕ್ಕೆ ಇಳಿಸುವ ಹಾಗಿರಲಿಲ್ಲ. "ಹೂಡಬಾರದು, ಎಬ್ಬಸಾಕ ಏನಡ್ಡಿ" ಎಂದು ಶಟ್ಟೆಪ್ಪನೇ ಶಾಸ್ತ್ರ ಬಿಡಿಸಿದ. ಅಂಗಳದಲ್ಲೇ ಹ್ಯಾಂಡಲ್ ಹೊಡೆದರು. ಒಂಬತ್ತು ನಿಮಿಷಕ್ಕೆ ಮಾತು ನಿಂತವು. ಹತ್ತಕ್ಕೆ ರಾಣಿ ಅಜ್ಜನ ಕೈ ಹಿಡಿದಳು. ಹನ್ನೊಂದಕ್ಕೆ ಲಕ್ಷ್ಮಣ ಮೂವತ್ತು ವರ್ಷ ಚಿಕ್ಕವನಾದಂತೆ ಜಿಗಿದುಬಿಟ್ಟ. ಮುಕ್ಕಾಲು ತಾಸಾದ ಮೇಲೆ, ಡೀಸೆಲ್ ಸುಮ್ಮನೆ ಸುಡುತ್ತಿದೆಯೆಂದು ಮುದಕವ್ವನೇ ಹೇಳಿ ಬಂದ್ ಮಾಡಿಸಿದಳು.

ಮಂಗಳವಾರ ಬೆಳಿಗ್ಗೆ ಬದನೆ ತೋಟದ ಬದುವಿನ ಮೇಲೆ ಅರ್ಧ ಓಣಿ ನೆರೆದಿತ್ತು. ಪಕ್ಕದ ಹೊಲದ ಮಹಾದೇವ ಮೊಬೈಲ್ ಹಿಡಿದು ಹೊತ್ತು ಎಣಿಸಲೆಂದೇ ಬಂದಿದ್ದ. ಮಹಾನಂದಾ ಸೀಟಿನ ಮೇಲೆ ಕೂತು ಸಾಲಿಗೆ ಇಳಿಸಿದಳು. ಮೂರು ಕುಡ ನೆಲಕ್ಕೆ ಕಚ್ಚಿದವು. ಕಸ ಬೇರು ಸಮೇತ ಮೇಲೆದ್ದು ಬಿಸಿಲಿಗೆ ಬಿತ್ತು, ಒಂದು ಬದನೆ ಎಲೆಗೂ ಪೆಟ್ಟಾಗಲಿಲ್ಲ. ಹತ್ತನೆಯ ನಿಮಿಷ ಎಲ್ಲಿ ಬಂತೋ ಎಲ್ಲಿ ಹೋಯಿತೋ ಅವಳಿಗೆ ತಿಳಿಯಲೇ ಇಲ್ಲ. ಅವಳು ಸಾಲು ನೋಡುತ್ತಿದ್ದಳು. ಬದುವಿನ ಮೇಲೆ ಮಹಾದೇವ ಸುಮ್ಮನೆ ಮೊಬೈಲನ್ನು ಜೇಬಿಗಿಳಿಸಿದ. ಅರ್ಧ ತೋಟ ಮುಗಿದಾಗ ಶಟ್ಟೆಪ್ಪ ಅಡ್ಡ ಬಂದು ನಿಂತು, "ಇಳಿ ಸ್ವಲ್ಪ" ಎಂದ. ಉಳಿದ ಅರ್ಧ ಅವನು ಹೊಡೆದ. ಸಾಲು ತೀರಿದರೂ ಇಳಿಯದೆ ಬದುವಿನ ಗುಂಟ ಇನ್ನೊಂದು ಸುತ್ತು ಹೋದ, ಕೆಲಸವಿಲ್ಲದಿದ್ದರೂ.

ಮಧ್ಯಾಹ್ನ ಮುದಕವ್ವ ಹೋಳಿಗೆ ಮಾಡಿದ್ದಳು. ಯಾರೂ ಮಾಡು ಅಂದಿರಲಿಲ್ಲ. ಎಂದಿನಂತೆ ಗಂಡಸರು ಕೂತರು, ಮಹಾನಂದಾ ನೀಡಲು ನಿಂತಳು. ಎಷ್ಟು ಸೋಪು ಹಚ್ಚಿದರೂ ಅವಳ ಉಗುರಿನ ಕಪ್ಪು ಹೋಗಿರಲಿಲ್ಲ. ಮುದಕವ್ವ ಮೊದಲ ತಾಟು ತಂದು ಶಟ್ಟೆಪ್ಪನ ಮುಂದೆ ಇಟ್ಟಳು. ಅವನು ಅದನ್ನು ಪಕ್ಕದ ಖಾಲಿ ಮಣೆಯ ಕಡೆ ಸರಿಸಿದ.

"ಮಿಸ್ತ್ರಿ ಉಣ್ಣದ ನಾ ಹೆಂಗ ಉಣ್ಣಲಿ?"

"ಮಾವಾರ, ನೀವು ಮೊದಲ..."

"ಕುಂದರವ್ವಾ. ಆವತ್ತ ಇದ ಹೋಳಿಗಿ ಬಿಟ್ಟು ನಿಮ್ಮಪ್ಪ ಎದ್ದ ಹ್ವಾದ. ಅವನ ಕೈ ಹಿಡಕೊಂಡು ನೀ ತಿರುಗಿ ತಿರುಗಿ ತಾಟ ನೋಡಕೊಂತ ಹೋದಿ. ನಾ ಮರತಿಲ್ಲ."

ಮಹಾನಂದಾ ಮಣೆಯ ಮೇಲೆ ಕೂತಳು. ಕಣ್ಣು ತುಂಬಿ ತಾಟು ಸರಿಯಾಗಿ ಕಾಣುತ್ತಿರಲಿಲ್ಲ. ಮುದಕವ್ವ ಬಗ್ಗಿ ಹೋಳಿಗೆಯ ಮೇಲೆ ತುಪ್ಪ ಬಿಟ್ಟಳು, ಸಾಕೆಂದರೂ ನಿಲ್ಲಿಸಲಿಲ್ಲ. ಮುರಿದ ತುತ್ತಿನಲ್ಲಿ ತುಪ್ಪದ ಜೊತೆ ಬೆರಳಿನ ಡೀಸೆಲ್ ವಾಸನೆಯೂ ಇತ್ತು. ಅವಳು ಅದನ್ನು ನುಂಗುವ ತನಕ ಶಟ್ಟೆಪ್ಪ ಕೈ ಮಡಿಲಲ್ಲಿಟ್ಟು ಕಾದ. ಆಮೇಲೆ ತನ್ನ ತಾಟು ಕೇಳಿದ.